ಅರ್ಧ ಮಿಲಿಮೀಟರು ಯಾರದು?

ಎಂಜಿನ್ನಿಗೆ ಬಲ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಾವೆಲ್ಲ ಪೆಟ್ರೋಲಿನಿಂದ ಎನ್ನುತ್ತೇವೆ. ವಿಜಯಪುರದ ಲೇಥ್ ಅಂಗಡಿಗಳಲ್ಲಿ ಈ ಮಾತನ್ನು ಯಾರೂ ಪೂರ್ತಿ ಒಪ್ಪುವುದಿಲ್ಲ. ಅಲ್ಲಿನವರ ಪ್ರಕಾರ ಎಂಜಿನ್ನು ಓಡುವುದು ಗಾಳಿಯ ಮೇಲೆ. ಲೆಕ್ಕವೂ ಅವರ ಕಡೆಗೇ ಇದೆ. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹತ್ತಿರ ಹತ್ತಿರ 15 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಬಿಡುವುದು ಕಷ್ಟವಲ್ಲ, ಕಾರ್ಬೊರೇಟರಿನ ಜೆಟ್ ಬದಲಿಸಿದರೆ ಮುಗಿಯಿತು. ಗಾಳಿಯನ್ನು ಒಳಗೆ ತರುವುದೇ ಕಷ್ಟ. ನಿಮಿಷಕ್ಕೆ 6000 ಸುತ್ತು ತಿರುಗುವ ಫೋರ್‌ಸ್ಟ್ರೋಕ್ ಬೈಕಿನ ಎಂಜಿನ್ನು ಸೆಕೆಂಡಿಗೆ 50 ಸಲ ಉಸಿರೆಳೆಯುತ್ತದೆ. ಒಂದೊಂದು ಉಸಿರಿಗೂ ಅದಕ್ಕೆ ಸಿಗುವ ಸಮಯ ಸೆಕೆಂಡಿನ 200ನೇ ಒಂದು ಪಾಲು. ಅಷ್ಟರಲ್ಲಿ ಗಾಳಿ ಫಿಲ್ಟರು ದಾಟಿ, ಕಾರ್ಬೊರೇಟರು ದಾಟಿ, ಸಿಲಿಂಡರ್ ಹೆಡ್ಡಿನ ಬಾಗಿದ ದಾರಿಯಲ್ಲಿ ಹೊರಳಿ, ವಾಲ್ವಿನ ಸುತ್ತಲಿನ ಸಂದಿಯಿಂದ ಒಳಗಿಳಿಯಬೇಕು.

ನಮ್ಮ ಕಡೆ ಗಾಳಿಯೇ ತೆಳುವು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಬಿಸಿಲು 42 ಡಿಗ್ರಿ ಮುಟ್ಟಿದಾಗ ಇಲ್ಲಿನ ಒಂದು ಘನ ಮೀಟರ್ ಗಾಳಿಯ ತೂಕ ಪುಸ್ತಕದಲ್ಲಿ ಹೇಳುವ ಪ್ರಮಾಣದ ಗಾಳಿಗಿಂತ ಶೇ. 15ರಷ್ಟು ಕಡಿಮೆ ಬೀಳುತ್ತದೆ. ಆ ಹೊತ್ತಿನಲ್ಲಿ ತಿಕೋಟಾ ರಸ್ತೆಯ ಏರಿನಲ್ಲಿ ಸವಾರನೊಬ್ಬ ‘ಗಾಡಿ ಎಳೀವಲ್ದು’ ಎಂದು ಗೊಣಗಿದರೆ ಅವನು ಸುಳ್ಳು ಹೇಳುತ್ತಿಲ್ಲ. ಅವನ ಎಂಜಿನ್ನಿಗೆ ನಿಜವಾಗಿಯೂ ಉಸಿರು ಕಡಿಮೆಯಾಗಿದೆ. ಅವನು ಲೇಥ್ ಅಂಗಡಿಗೆ ಹೋಗಿ ‘ಹೆಡ್ಡಿನ ಕೆಲಸ ಮಾಡ್ರಿ’ ಎನ್ನುವುದು ಇಂಥ ದಿನಗಳಲ್ಲೇ.

ಹೆಡ್ಡಿನ ಕೆಲಸ ಎಂದರೆ ಮುಖ್ಯವಾಗಿ ಎರಡು. ಮೊದಲನೆಯದು ಗಾಳಿಯ ದಾರಿಯನ್ನು, ಅಂದರೆ ಪೋರ್ಟನ್ನು ಸವರುವುದು. ಕಾರ್ಖಾನೆಯಲ್ಲಿ ಹೆಡ್ಡನ್ನು ಅಚ್ಚಿನಲ್ಲಿ ಎರಕ ಹೊಯ್ದಾಗ ಅಚ್ಚುಗಳು ಕೂಡುವಲ್ಲಿ ಸಣ್ಣ ಏಣುಗಳು ಏಳುತ್ತವೆ. ವಾಲ್ವ್ ಸೀಟಿನ ಉಂಗುರ ಕೂತ ಕಡೆ ಮೆಟ್ಟಿಲಿನಂಥ ಅಂಚು ಉಳಿಯುತ್ತದೆ. ಕಾರ್ಬೊರೇಟರ್ ಕಡೆಯ ರಂಧ್ರಕ್ಕೂ ಹೆಡ್ಡಿನ ರಂಧ್ರಕ್ಕೂ ಕೂದಲೆಳೆಯಷ್ಟು ಹೊಂದಿಕೆ ತಪ್ಪಿರುತ್ತದೆ. ಇವನ್ನು ಸಣ್ಣ ಗ್ರೈಂಡರಿನಿಂದ ತಿದ್ದಿದರೆ ಗಾಳಿ ಎಡವುವುದಿಲ್ಲ. ಆದರೆ ಕಲಿಯುವ ಹುಡುಗರು ಇಲ್ಲೇ ಅತ್ಯುತ್ಸಾಹ ತೋರಿಸುತ್ತಾರೆ. ದಾರಿ ಅಗಲವಾದಷ್ಟೂ ಗಾಳಿ ಹೆಚ್ಚು ಬರುತ್ತದೆ ಎಂದು ಕೊರೆಯುತ್ತಲೇ ಹೋಗುತ್ತಾರೆ, ಒಳಗೋಡೆಯನ್ನು ಕನ್ನಡಿಯಂತೆ ಉಜ್ಜುತ್ತಾರೆ. ದಾರಿ ಬೇಕಾದದ್ದಕ್ಕಿಂತ ಅಗಲವಾದರೆ ಗಾಳಿಯ ವೇಗ ಕುಗ್ಗಿ, ಊರೊಳಗಿನ ನಿಧಾನದ ಓಡಾಟದಲ್ಲಿ ಗಾಡಿ ಮೊದಲಿಗಿಂತ ಮಂಕಾಗುತ್ತದೆ. ಕಾರ್ಬೊರೇಟರ್ ಗಾಡಿಯಲ್ಲಿ ಗೋಡೆ ತೀರಾ ನುಣುಪಾದರೆ ಪೆಟ್ರೋಲಿನ ಹನಿಗಳು ಗಾಳಿಯಲ್ಲಿ ಬೆರೆಯದೆ ಗೋಡೆಗುಂಟ ಜಾರುತ್ತವೆ. ಸ್ವಲ್ಪ ಒರಟುತನವೂ ಅಲ್ಲಿ ಕೆಲಸ ಮಾಡುತ್ತಿರುತ್ತದೆ.

ಎರಡನೆಯದು ಫೇಸಿಂಗ್. ಹೆಡ್ಡಿನ ತಳವನ್ನು ಮೆಶಿನ್ನಿಗೆ ಕೊಟ್ಟು ತೆಳುವಾಗಿ ಸವರಿದರೆ ಪಿಸ್ಟನ್ನು ಮೇಲೆ ಬಂದಾಗ ಉಳಿಯುವ ಜಾಗ ಕಿರಿದಾಗುತ್ತದೆ, ಮಿಶ್ರಣ ಇನ್ನಷ್ಟು ಒತ್ತಿಕೊಳ್ಳುತ್ತದೆ, ಕಂಪ್ರೆಶನ್ ಏರುತ್ತದೆ. ಹತ್ತಿರದ ಲೆಕ್ಕವೊಂದನ್ನು ಮಾಡೋಣ. 50 ಮಿ.ಮೀ. ಬೋರಿನ 100 ಸಿಸಿ ಎಂಜಿನ್ನಿನ ಕಂಪ್ರೆಶನ್ 9ಕ್ಕೆ 1 ಇದ್ದರೆ ಮೇಲಿನ ಜಾಗ 12.5 ಸಿಸಿ. ಹೆಡ್ಡಿನಿಂದ ಅರ್ಧ ಮಿಲಿಮೀಟರು ತೆಗೆದರೆ ಸರಿಸುಮಾರು 1 ಸಿಸಿ ಹೋಗಿ ಕಂಪ್ರೆಶನ್ 9.7 ಆಗುತ್ತದೆ. ಐದು ಬಿಳಿ ಹಾಳೆಗಳನ್ನು ಒಟ್ಟಿಗೆ ಹಿಡಿದರೆ ಆಗುವ ದಪ್ಪ ಅದು, ಅಷ್ಟೇ.

ಇದರಿಂದ ಸಿಗುವುದೆಷ್ಟು? ಎಂಜಿನಿಯರಿಂಗ್ ಪಠ್ಯದ ಆದರ್ಶ ಸೂತ್ರದ ಪ್ರಕಾರ ಶೇ. 58.5 ಇದ್ದ ದಕ್ಷತೆ ಶೇ. 59.7 ಆಗುತ್ತದೆ. ನಿಜದ ಎಂಜಿನ್ನುಗಳ ದಕ್ಷತೆ ಇದರ ಅರ್ಧದ ಆಸುಪಾಸು, ಹಾಗಾಗಿ ಲಾಭವೂ ಅದಕ್ಕೆ ತಕ್ಕಂತೆ ಚಿಕ್ಕದು. ಅದೇ ಅರ್ಧ ಮಿಲಿಮೀಟರಿಗೆ, ಕಿಡಿ ಹೊತ್ತುವ ಮೊದಲೇ, ಸಿಲಿಂಡರಿನ ಒಳಗಿನ ಒತ್ತಡ ಮಾತ್ರ ಸುಮಾರು ಶೇ. 11ರಷ್ಟು ಏರುತ್ತದೆ. ಗಳಿಕೆ ನೂರಕ್ಕೆ ಎರಡು, ಹೊರೆ ನೂರಕ್ಕೆ ಹನ್ನೊಂದು. ಕಾವೂ ಜೊತೆಗೆ ಏರುತ್ತದೆ. ಒತ್ತಡ, ಕಾವು ಎರಡೂ ಮಿತಿ ದಾಟಿದರೆ ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದೇ ನಾಕಿಂಗ್. ಹೊರಗೆ ಕಟಕಟ ಸದ್ದು, ಒಳಗೆ ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆ ಪೆಟ್ಟು.

ಈ ಎರಡೂ ಕೆಲಸಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಇಲ್ಲಿ ಏನನ್ನೂ ಸೇರಿಸುವುದಿಲ್ಲ. ಬಲ ಬರುವುದು ತೆಗೆಯುವುದರಿಂದ. ನಾನು ಆಗಾಗ ಹೋಗಿ ಕೂರುವ ಅಂಗಡಿಯ ಉಸ್ತಾದರು ಮೂವತ್ತು ವರ್ಷಗಳಿಂದ ಹೆಡ್ಡು ಸವರಿದವರು. ಅವರು ಹೊಸ ಗಿರಾಕಿಗೆ ಹೇಳುವ ಮೊದಲ ಮಾತು, “ತಗಿಯೂದು ಹತ್ತು ನಿಮಿಷದ ಕೆಲಸ. ತಗದದ್ದು ತಿರುಗಿ ಹಚ್ಚಾಕ ಬರೂದಿಲ್ಲ ನೋಡ್ರಿ.” ದಪ್ಪ ಗ್ಯಾಸ್ಕೆಟ್ ಹಾಕಿ ಒಂದಿಷ್ಟು ಮರಳಿ ಪಡೆಯಬಹುದು, ಅದು ಬೇರೆ ಮಾತು. ಹೋದ ಲೋಹ ಹೋದದ್ದೇ.

ಹಾಗಾದರೆ ಕಾರ್ಖಾನೆಯವರು ಆ ಲೋಹವನ್ನು ಬಿಟ್ಟದ್ದಾದರೂ ಏಕೆ? ಇದಕ್ಕೆ ಎರಡು ಉತ್ತರಗಳಿವೆ, ಎರಡೂ ನಿಜ. ಒಂದಿಷ್ಟನ್ನು ಅವರು ಬಿಟ್ಟದ್ದು ಖರ್ಚು ಉಳಿಸಲು. ಲಕ್ಷಗಟ್ಟಲೆ ಹೆಡ್ಡುಗಳ ಒಂದೊಂದು ಏಣನ್ನೂ ಕೈಯಿಂದ ಸವರುತ್ತ ಕೂತರೆ ಬೈಕಿನ ಬೆಲೆ ಏರುತ್ತದೆ. ಇನ್ನೊಂದಿಷ್ಟನ್ನು ಬಿಟ್ಟದ್ದು ಬೇಕೆಂದೇ. ವಿನ್ಯಾಸ ಮಾಡಿದವನಿಗೆ ಈ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ. ಅದು ಮಂಗಳೂರಿನ ತೇವದ ಗಾಳಿಯಲ್ಲೂ ಓಡಬೇಕು, ವಿಜಯಪುರದ ಬಿಸಿಲಲ್ಲೂ ಓಡಬೇಕು. ಕಳಪೆ ಪೆಟ್ರೋಲು ಕುಡಿಯಬೇಕಾಗಬಹುದು. ಎರಡು ವರ್ಷ ಆಯಿಲ್ ಬದಲಿಸದವನ ಕೈಗೆ ಸಿಗಬಹುದು. ಎಂದೋ ಒಮ್ಮೆ ಬಿಸಿಗೆ ಹೆಡ್ಡು ಬಾಗಿದರೆ, ಅದನ್ನು ಸಮ ಮಾಡಲು ಒಂದೆರಡು ಸಲ ಫೇಸಿಂಗ್ ಮಾಡಿಸುವಷ್ಟು ಲೋಹವಾದರೂ ಇರಬೇಕು. ಇದನ್ನೆಲ್ಲ ಎಣಿಸಿ ಅವನು ಒಂದಿಷ್ಟು ಉಳಿಸಿ ಕೊಟ್ಟಿರುತ್ತಾನೆ. ಎಂಜಿನಿಯರುಗಳು ಇದನ್ನು ಮಾರ್ಜಿನ್ ಎನ್ನುತ್ತಾರೆ. ನಾನು ಉಳಿಕೆ ಎನ್ನುತ್ತೇನೆ.

ನಮ್ಮ ಭಾಗದವರಿಗೆ ಉಳಿಕೆಯನ್ನು ವಿವರಿಸಬೇಕಾಗಿಲ್ಲ. ಹಳ್ಳಿಯ ಹಳೆಯ ಮನೆಗಳ ಮುಂದೆ ಹಗೇವುಗಳಿದ್ದವು. ನೆಲದೊಳಗೆ ಕೊಡದ ಆಕಾರದಲ್ಲಿ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮನೆಯಲ್ಲಿ ಹಬ್ಬವಿದೆ ಎಂದು ಹಗೇವು ತೆಗೆಯುತ್ತಿರಲಿಲ್ಲ. 1876ರಿಂದ 1878ರವರೆಗಿನ ಬರವನ್ನು ಕಂಡ ನೆಲವಿದು. ಆಗ ಇದು ಕಲಾದಗಿ ಜಿಲ್ಲೆ. ಮಳೆ ಕೈಕೊಟ್ಟ ವರ್ಷಕ್ಕೆಂದು ಕಾಳನ್ನು ಕಣ್ಣಿಗೆ ಕಾಣದ ಹಾಗೆ ಇಡುವುದು ಇಲ್ಲಿ ಜಿಪುಣತನ ಅನ್ನಿಸಿಕೊಂಡಿಲ್ಲ. ಹಗೇವಿನ ಜೋಳ ಯಾರದು ಎಂದು ಕೇಳಿದರೆ ಮನೆಯ ಯಜಮಾನನದು ಎನ್ನಬಹುದು. ಆದರೆ ಅವನ ಹಸಿವಿಗೆಂದು ಅದನ್ನು ಇಟ್ಟಿರುವುದಿಲ್ಲ, ಇನ್ನೂ ಬಾರದ ಹಸಿವಿಗೆ ಇಟ್ಟಿರುತ್ತಾರೆ.

ಇನ್ನೊಂದು ಉದಾಹರಣೆ ಊರಿನ ನಡುವೆಯೇ ನಿಂತಿದೆ. ಆದಿಲ್‌ಶಾಹಿಗಳು ವಿಜಯಪುರಕ್ಕೆ ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ಆ ನೀರಿನ ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಗೋಪುರಗಳಿವೆ, ಗಂಜ್ ಎನ್ನುತ್ತಾರೆ. ಎಷ್ಟೋ ಜನ ಇವನ್ನು ಕಾವಲು ಗೋಪುರ ಎಂದುಕೊಂಡಿದ್ದಾರೆ. ನೀರು ಕೊಳವೆಯಿಂದ ಈ ಗೋಪುರದೊಳಕ್ಕೆ ಏರಿ, ಅಲ್ಲಿ ತನ್ನ ಒತ್ತಡ ಕಳೆದುಕೊಂಡು, ಹೂಳನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತಿತ್ತು. ಹರಿವೊಂದೇ ಗುರಿಯಾಗಿದ್ದರೆ ಇವು ಬರೀ ಅಡ್ಡಿಗಳು. ಪೋರ್ಟ್ ಸವರುವ ಹುಡುಗನ ಕೈಗೆ ಆ ಕಾಮಗಾರಿ ಕೊಟ್ಟಿದ್ದರೆ ಅವನು ಎಲ್ಲ ಗಂಜುಗಳನ್ನೂ ಕಿತ್ತು ಕೊಳವೆಯನ್ನು ನೇರ ಎಳೆದಿರುತ್ತಿದ್ದ. ಮೊದಲ ದಿನ ನೀರು ಜೋರಾಗಿಯೇ ಬಂದಿರುತ್ತಿತ್ತು. ಎರಕದ ಏಣೂ ಒಂದು ಅಡ್ಡಿ, ಗಂಜೂ ಒಂದು ಅಡ್ಡಿ. ಒಂದು ಕಸ, ಇನ್ನೊಂದು ಉಳಿಕೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕಸ ಯಾವುದು ಎಂದು ಕೈಬೆರಳಿನಿಂದಲೇ ಗುರುತಿಸುವುದನ್ನು ಕಲಿಯಲು ಉಸ್ತಾದರಿಗೆ ಹತ್ತು ವರ್ಷ ಹಿಡಿಯಿತಂತೆ.

ಇಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ. ಗಾಡಿ ನನ್ನದು, ಹೆಡ್ಡು ನನ್ನದು, ನನ್ನ ದುಡ್ಡು. ಅರ್ಧ ಮಿಲಿಮೀಟರು ತೆಗೆದರೆ ಯಾರಪ್ಪನ ಗಂಟು ಹೋಯಿತು? ಅಂಗಡಿಗೆ ಬರುವ ಹುಡುಗರ ವಾದ ಇದು, ಮತ್ತು ಇದು ಹಗುರವಾದ ವಾದವಲ್ಲ. ಕೊಂಡ ವಸ್ತುವನ್ನು ಬಿಚ್ಚಿ ನೋಡುವ, ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುವ ಸ್ವಾತಂತ್ರ್ಯ ಇಲ್ಲದಿದ್ದರೆ ನಾವು ಬರೀ ಗ್ರಾಹಕರಾಗಿ ಉಳಿಯುತ್ತೇವೆ. ಉತ್ತರ ಕರ್ನಾಟಕದ ಹಳ್ಳಿಗಳ ಕಮ್ಮಾರರು, ಬಡಿಗೇರರು ಕೂರಿಗೆಯನ್ನು ಆಯಾ ಹೊಲದ ಮಣ್ಣಿಗೆ ತಕ್ಕಂತೆ ತಿದ್ದಿ ಕೊಟ್ಟವರು. ಕಾರ್ಖಾನೆಯ ಅಳತೆಯೇ ಅಂತಿಮ ಎನ್ನುವುದು ಅವರಿಗೆ ಅರ್ಥವಾಗದ ಮಾತು. ಎಲ್ಲರಿಗೂ ಹೊಂದುವಂತೆ ಮಾಡಿದ ಹೆಡ್ಡು ಯಾರಿಗೂ ಪೂರ್ತಿ ಹೊಂದುವುದಿಲ್ಲ ಎಂಬುದೂ ಖರೆ.

ಸ್ವತ್ತಿನ ಬಗ್ಗೆ ಬರೆದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹುಡುಗರ ಪರವಾಗಿಯೇ ಮಾತಾಡುತ್ತಾನೆ. ಮನುಷ್ಯ ತನ್ನ ದುಡಿಮೆಯನ್ನು ಯಾವುದರಲ್ಲಿ ಬೆರೆಸುತ್ತಾನೋ ಅದು ಅವನದಾಗುತ್ತದೆ. ಆದರೆ ಅವನು ಒಂದು ಷರತ್ತು ಹಾಕುತ್ತಾನೆ: ಬೇರೆಯವರಿಗೂ ಸಾಕಾಗುವಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು. ಲಾಕ್ ಯೋಚಿಸುತ್ತಿದ್ದದ್ದು ನೆಲ, ನೀರು, ಹಣ್ಣುಗಳ ಬಗ್ಗೆ. ಹೆಡ್ಡಿನ ವಿಷಯದಲ್ಲಿ ಆ ‘ಬೇರೆಯವರು’ ಯಾರು? ನನಗೆ ಮೂವರು ಕಾಣುತ್ತಾರೆ. ಹಿಂದಿನ ಸೀಟಿನಲ್ಲಿ ಕೂರುವವರು. ಎಂಜಿನ್ನು ನಡುರಸ್ತೆಯಲ್ಲಿ ಸೀಸ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡರೆ ಬೀಳುವುದು ಇಬ್ಬರೂ. ಅದೇ ಗಾಡಿಯನ್ನು ನಾಳೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು. ಮೂರನೆಯವರು ನಾವೆಲ್ಲ, ಅದರ ಹೊಗೆ ಕುಡಿಯುವವರು.

ಮೂರನೆಯವರ ಕತೆ ದೊಡ್ಡದು. ಅದನ್ನು ಬಿಟ್ಟರೆ ಕಂಪ್ರೆಶನ್ನಿನ ಮಾತು ಪೂರ್ತಿಯಾಗುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಇಡೀ ಮೋಟಾರು ಉದ್ಯಮ ಇವತ್ತಿನ ಬೈಕಿನ ಹುಡುಗನ ಸ್ಥಿತಿಯಲ್ಲೇ ಇತ್ತು. ಕಂಪ್ರೆಶನ್ ಏರಿಸಿದರೆ ಬಲ ಹೆಚ್ಚು, ಆದರೆ ಏರಿಸಿದೊಡನೆ ನಾಕಿಂಗ್. 1921ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್ ನಗರದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರು ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಚಮಚದ ಲೆಕ್ಕದಲ್ಲಿ ಬೆರೆಸಿ ಆ ಸದ್ದನ್ನು ಅಡಗಿಸಿದ. ಮದ್ಯಸಾರದಿಂದಲೂ ಅದು ಸಾಧ್ಯ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಮದ್ಯಸಾರಕ್ಕೆ ಪೇಟೆಂಟ್ ಸಿಗುವುದಿಲ್ಲ, ಸೀಸಕ್ಕೆ ಸಿಕ್ಕಿತು. ಮಾರುಕಟ್ಟೆಗೆ ಬಿಡುವಾಗ ಸೀಸ ಎಂಬ ಪದವನ್ನೇ ಬಿಟ್ಟು ‘ಇಥೈಲ್’ ಎಂದು ಹೆಸರಿಟ್ಟರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಒಂದು ತೈಲ ಶುದ್ಧೀಕರಣ ಘಟಕದಲ್ಲಿ ಆ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಮತಿಗೆಟ್ಟು ಸತ್ತರು. ಅದೇ ತಿಂಗಳ ಕೊನೆಗೆ ಮಿಜ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದುಕೊಂಡು, ಅಪಾಯವಿಲ್ಲ ಎಂದು ತೋರಿಸಿದ. ಹಿಂದಿನ ವರ್ಷ ಅವನೇ ಸೀಸದ ವಿಷದಿಂದ ಕಾಯಿಲೆ ಬಿದ್ದು ಎದ್ದಿದ್ದ. ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1925ರಲ್ಲೇ ಇದನ್ನು ಬೀದಿಗೆ ಬಿಡಬೇಡಿ ಎಂದು ವಿರೋಧಿಸಿದ್ದರು. ಬಿಟ್ಟರು. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಲೋಹ ಜಗತ್ತಿನ ಎಲ್ಲ ರಸ್ತೆಗಳ ದೂಳಿಗೆ ಸೇರಿತು. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿಯಲ್ಲಿ. ಕಟ್ಟಕಡೆಯ ದೇಶ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಅಂದರೆ 90ರ ದಶಕದಲ್ಲಿ ಇಲ್ಲಿ ಹುಟ್ಟಿದ ನಮ್ಮ ತಲೆಮಾರು ಆ ಅರ್ಧ ಮಿಲಿಮೀಟರಿನ ಬಾಕಿಯನ್ನು ರಕ್ತದಲ್ಲಿ ಒಂದಿಷ್ಟು ಕಟ್ಟಿದೆ. ಎಂಜಿನ್ನಿನ ಉಳಿಕೆ ತೀರಿದಾಗ ಉದ್ಯಮ ಮಕ್ಕಳ ಉಳಿಕೆಗೆ ಕೈಹಾಕಿತು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ, ಅಂದು ಬೇಡವೆಂದು ಬದಿಗಿಟ್ಟ ಅದೇ ಮದ್ಯಸಾರ. ಅದರಲ್ಲೊಂದು ಪಾಲು ಕಬ್ಬಿನದು. ಕಬ್ಬು ಕುಡಿಯುವ ನೀರಿನ ಲೆಕ್ಕ ಬೇರೆಯೇ ಇದೆ. ಅದಕ್ಕೆ ಕೈಹಾಕಿದರೆ ಈ ಬರಹ ಮುಗಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಗಟ್ಟಿಯಾಗಿಯೇ ಎತ್ತಿಹಿಡಿಯಿತು. ಆದರೆ ಆರ್‌ಸಿ ಪುಸ್ತಕದಲ್ಲಿ ಹೆಡ್ಡಿನ ದಪ್ಪ ಬರೆದಿರುವುದಿಲ್ಲ. ಪೊಲೀಸರಿಗೆ ಸಿಗುವುದು ಗಾಡಿಯ ಸೈಲೆನ್ಸರು, ಅದರ ಸದ್ದು. ಒಳಗಿನ ಅರ್ಧ ಮಿಲಿಮೀಟರು ಗೊತ್ತಿರುವುದು ಮಾಲೀಕನಿಗೆ ಮತ್ತು ಉಸ್ತಾದರಿಗೆ ಮಾತ್ರ. ಇಂಥ ಜಾಗದಲ್ಲಿ ಕಾನೂನು ಸುಮ್ಮನಾಗಿ ನೀತಿ ಒಂಟಿಯಾಗಿ ನಿಲ್ಲುತ್ತದೆ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಅದಕ್ಕೆ.

ಇಷ್ಟರವರೆಗೆ ಬರೆದದ್ದನ್ನು ಓದಿದರೆ ನಾನು ಉಳಿಕೆಯ ಪರ, ಸವರುವವರ ವಿರುದ್ಧ ಎಂದು ತೋರಬಹುದು. ಅಷ್ಟು ಸುಲಭವಾಗಿ ಮುಗಿಯದಂತೆ ಮಾಡಿದ್ದು ಬಬಲೇಶ್ವರದ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳು.

ಬೈಕಿನ ಹುಡುಗರಿಗೆ ಬೇಕಾದದ್ದು ಪಿಕಪ್ಪು, ಸದ್ದು, ಸ್ಟೇಷನ್ ರಸ್ತೆಯಲ್ಲಿ ನಾಲ್ಕು ಜನ ತಿರುಗಿ ನೋಡುವುದು. ಜಾತ್ರೆಗಳ ಟ್ರ್ಯಾಕ್ಟರ್ ಸ್ಪರ್ಧೆಗೆ ತಯಾರಿ ಮಾಡುವವರದು ಊರಿನ ಮಾನದ ಪ್ರಶ್ನೆ. ಬಹುಮಾನದ ದುಡ್ಡಿಗಿಂತ ಹೆಚ್ಚು ದುಡ್ಡು ಎಂಜಿನ್ನಿಗೆ ಸುರಿದವರೂ ಇದ್ದಾರೆ. ತಿಕೋಟಾದ ದ್ರಾಕ್ಷಿ ಬೆಳೆಗಾರರು ಮಾತ್ರ ಎಂಜಿನ್ನು ಮುಟ್ಟಿಸುವುದಿಲ್ಲ. ಅಕಾಲದ ಮಳೆ ಬಿದ್ದ ರಾತ್ರಿಯೇ ಔಷಧಿ ಹೊಡೆಯದಿದ್ದರೆ ಬೂಜುರೋಗ ಗೊನೆ ಹಿಡಿಯುತ್ತದೆ. ಅವರಿಗೆ ಬೇಕಾದದ್ದು ಹೆಚ್ಚಿನ ಬಲವಲ್ಲ, ಕರೆದಾಗ ಏಳುವ ಗಾಡಿ. ಉಳಿಕೆಯ ಬೆಲೆ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅವರಿಗೆ ಕಳೆದುಕೊಳ್ಳಲು ಒಂದು ತೋಟವಿದೆ.

ಕಬ್ಬು ಸಾಗಿಸುವವನ ಲೆಕ್ಕ ಬೇರೆ. ಅವನಿಗೆ ದುಡ್ಡು ಸಿಗುವುದು ಟನ್ನಿನ ಮೇಲೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಹಾಗಾಗಿ ಎಲ್ಲರಿಗೂ ಅವಸರ. ಹಂಗಾಮು ಕೆಲವೇ ತಿಂಗಳು. ಟ್ರ್ಯಾಕ್ಟರಿನ ಸಾಲದ ಕಂತು ವರ್ಷವಿಡೀ. ಕಡಿಯುವ ಗ್ಯಾಂಗಿಗೆ ಮುಂಗಡ ಕೊಟ್ಟಾಗಿದೆ, ಅದು ಕೂಡ ಸಾಲದ ದುಡ್ಡೇ. ಎರಡು ಟ್ರೇಲರುಗಳ ಮೇಲೆ ಮನೆಯೆತ್ತರದ ಕಬ್ಬು ಹೇರಿ ಕೃಷ್ಣೆಯ ಕಡೆಯ ಹೊಲದ ಕೆಸರಿನಿಂದ ಡಾಂಬರಿಗೆ ಏರಿಸುವಾಗ ಕಾರ್ಖಾನೆ ಕೊಟ್ಟ ಬಲ ಸಾಲುವುದಿಲ್ಲ. ಡೀಸೆಲ್ ಎಂಜಿನ್ನಿನ ಕಂಪ್ರೆಶನ್ 16-18ರ ಆಸುಪಾಸು ಮೊದಲೇ ಇರುತ್ತದೆ, ಅದನ್ನು ಯಾರೂ ಏರಿಸಲು ಹೋಗುವುದಿಲ್ಲ. ಹೆಡ್ಡನ್ನು ಹೆಚ್ಚು ಸವರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿನ ಉಪಾಯ, ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚು ಬಿಡುವುದು, ಅದಕ್ಕೆ ತಕ್ಕ ಗಾಳಿಗಾಗಿ ಹೆಡ್ಡಿನ ದಾರಿ ಸವರುವುದು. ಗಾಳಿ ಸಾಲದಿದ್ದರೆ ಕರಿಹೊಗೆ. ಕಾವು ಏರಿದರೆ ಹೆಡ್ಡು ಸೀಳು ಬಿಡುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ಇದೆಲ್ಲ ಅವನಿಗೆ ಗೊತ್ತು. ನಮಗಿಂತ ಚೆನ್ನಾಗಿ ಗೊತ್ತು.

ಅಂಗಡಿಯಲ್ಲಿ ಅಂಥ ಚಾಲಕನೊಬ್ಬನನ್ನು ಕೇಳಿದ್ದೆ, ಎಂಜಿನ್ನು ಎಷ್ಟು ವರ್ಷ ಬರುತ್ತದೆ ಎಂದು. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. “ಎಷ್ಟ ವರ್ಷ ಬರತೈತಿ ಅನ್ನೂದು ಸಾಲ ತೀರಿದಾಂವ ಕೇಳೂ ಮಾತ್ರಿ. ನನಗ ಮೂರ ಹಂಗಾಮ ಬಂದ್ರ ಸಾಕು.”

ಅವನ ಮಾತು ನನ್ನ ವಾದದ ಬುಡವನ್ನೇ ಅಲ್ಲಾಡಿಸಿತು. ಹಗೇವಿನ ಹೋಲಿಕೆ ಚೆಂದವೇ, ಆದರೆ ಹಗೇವಿದ್ದದ್ದು ಯಾರ ಮನೆಯ ಮುಂದೆ? ಹೊಲವಿದ್ದವರ ಮನೆಯ ಮುಂದೆ. ಉಳಿಕೆ ಇಡುವುದಕ್ಕೂ ಉಳಿಕೆ ಬೇಕು. ತನ್ನ ಬದುಕಿನಲ್ಲಿ ಮಾರ್ಜಿನ್ನೇ ಇಲ್ಲದವನಿಗೆ ಯಂತ್ರದೊಳಗೆ ಯಾರೋ ಅಡಗಿಸಿಟ್ಟ ಮಾರ್ಜಿನ್ನೊಂದೇ ಉಳಿತಾಯ. ಅವನು ಅದನ್ನು ಬಿಡಿಸಿಕೊಂಡು ಉಣ್ಣುತ್ತಾನೆ. ಟನ್ನಿನ ದರ ಎಷ್ಟಿರಬೇಕು ಎಂದು ಗೊತ್ತುಮಾಡುವವರು, ಮುಂಗಡದ ಪದ್ಧತಿಯನ್ನು ನಡೆಸಿಕೊಂಡು ಬಂದವರು ಯಾರೂ ಅಂಗಡಿಗೆ ಬಂದು ಸ್ಕ್ರೂ ತಿರುಗಿಸುವುದಿಲ್ಲ. ತಿರುಗ್ರೆಂಚು ಇವನ ಕೈಯಲ್ಲೇ ಇರುತ್ತದೆ, ಅಪವಾದವೂ ಇವನ ಮೇಲೇ ಬರುತ್ತದೆ. ಹಾಗೆಂದು ರಾತ್ರಿ ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಗುದ್ದಿ ಸತ್ತವನ ಮನೆಯವರಿಗೆ ಈ ವಿವರಣೆ ಕೊಡಲು ನನಗೆ ಬಾಯಿ ಬರುವುದಿಲ್ಲ. ಎರಡೂ ಒಟ್ಟಿಗೆ ನಿಜ ಎಂದಷ್ಟೇ ಹೇಳಬಲ್ಲೆ. ಬೈಕಿನ ಹುಡುಗ ಮತ್ತು ಕಬ್ಬಿನ ಚಾಲಕ ಒಂದೇ ಕೆಲಸ ಮಾಡಿಸಿಕೊಳ್ಳುತ್ತಾರೆ, ಆದರೆ ಒಂದೇ ತಪ್ಪನ್ನು ಮಾಡುವುದಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತಿರುವುದೇ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಸುರಿದು ಬಾ ಎಂದಳು. ಶಾಲೆಯಲ್ಲಿ ಇದನ್ನು ಅತಿಯಾಸೆಯ ವಿರುದ್ಧದ ಪಾಠ ಎಂದು ಓದಿದ್ದೆ. ಈಗ ಇನ್ನೊಂದು ಕಾಣುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿ ನೋಡುವವರ ಕಣ್ಣಿಗೆ ಚೆಲ್ಲಿದ್ದು, ಯಾರದೂ ಅಲ್ಲದ್ದು, ಕಸ. ಲಕ್ಕಮ್ಮ ಮಾತ್ರ ಅದನ್ನು ಯಾರಿಗೋ ಸೇರಬೇಕಾದ ಪಾಲು ಎಂದು ಕಂಡಳು. ಲಾಕ್ ಕೇಳುವುದು ಬೇರೆಯವರಿಗೆ ಸಾಕಷ್ಟು ಉಳಿದಿದೆಯೇ ಎಂದು. ಲಕ್ಕಮ್ಮ ಕೇಳುವುದು ನಿನಗೆ ಇಷ್ಟು ಬೇಕಿತ್ತೇ ಎಂದು. ಎರಡನೆಯ ಪ್ರಶ್ನೆಯನ್ನು ಬೈಕಿನ ಹುಡುಗನಿಗೆ ಕೇಳಿದರೆ ಅವನು ತಲೆ ಕೆರೆದುಕೊಂಡಾನು. ಕಬ್ಬಿನ ಚಾಲಕನಿಗೆ ಕೇಳಿದರೆ ಹೌದು, ಬೇಕಿತ್ತು ಎನ್ನುತ್ತಾನೆ. ಲಕ್ಕಮ್ಮನ ಮನೆಯೂ ಬಡವರದೇ ಆಗಿತ್ತು ಎಂಬುದು ಈ ಜಾಗದಲ್ಲಿ ನನ್ನನ್ನು ಸುಮ್ಮನಿರಗೊಡುವುದಿಲ್ಲ. ಆದರೆ ಅವಳ ತಲೆಯ ಮೇಲೆ ಕಂತಿನ ಸಾಲವಿರಲಿಲ್ಲ, ಮತ್ತು ಅಂಗಳದಲ್ಲಿ ನಾಳೆಯೂ ಅಕ್ಕಿ ಬೀಳುತ್ತದೆ ಎಂಬ ಭರವಸೆ ಅವಳಿಗಿತ್ತು.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರ ಮಾತು ಅರ್ಧಕ್ಕೇ ಬಿಟ್ಟಿದ್ದೆ. ಆರ್‌ಎಕ್ಸ್ 100 ಬೈಕು ತಯಾರಾದದ್ದು 1985ರಿಂದ 1996ರವರೆಗೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದೂ 1996ರಲ್ಲೇ. ಈ ಟೂಸ್ಟ್ರೋಕ್ ಗಾಡಿಗಳ ಹೆಡ್ಡಿನಲ್ಲಿ ವಾಲ್ವುಗಳಿಲ್ಲ. ಗಾಳಿಯ ದಾರಿಗಳೆಲ್ಲ ಸಿಲಿಂಡರಿನ ಗೋಡೆಯಲ್ಲಿರುತ್ತವೆ, ಹೆಡ್ಡು ಬರೀ ಮುಚ್ಚಳ. ಸವರಲು ಬಲು ಸುಲಭ, ಆದ್ದರಿಂದ ಸವರದೆ ಉಳಿದದ್ದು ಅಪರೂಪ. ಇವತ್ತು ಕೈಯಿಂದ ಕೈಗೆ ದಾಟುತ್ತಿರುವ ಈ ಗಾಡಿಗಳ ಹೆಡ್ಡುಗಳಲ್ಲಿ ಯಾರು ಎಷ್ಟು ತೆಗೆದಿದ್ದಾರೆ ಎಂಬುದು ಕೊಳ್ಳುವವನಿಗೆ ತಿಳಿಯುವ ದಾರಿಯಿಲ್ಲ.

ಉಸ್ತಾದರು ಇದಕ್ಕೆ ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಓವರ್‌ಸೈಜ್ ಪಿಸ್ಟನ್ನಿನ ನೆತ್ತಿಯ ಮೇಲೆ 0.25, 0.50 ಎಂದು ಅಳತೆ ಹೊಡೆದಿರುತ್ತಾರಲ್ಲ, ಹಾಗೆ ತಾವು ಫೇಸಿಂಗ್ ಮಾಡಿದ ಪ್ರತಿ ಹೆಡ್ಡಿನ ಪಕ್ಕಕ್ಕೆ ಎಷ್ಟು ತೆಗೆದರೋ ಅಷ್ಟನ್ನು ಅಂಕಿಯ ಪಂಚಿನಿಂದ ಹೊಡೆಯುತ್ತಾರೆ. ಗಿರಾಕಿಗಳಿಗೆ ಇದು ಹಿಡಿಸುವುದಿಲ್ಲ, ಮಾರುವಾಗ ಬೆಲೆ ಇಳಿಯುತ್ತದೆ. “ಮುಂದ ಬಿಚ್ಚಾಂವಗ ಗೊತ್ತಾಗಬೇಕಲ್ರೀ” ಎನ್ನುತ್ತಾರೆ ಅವರು. ಹೋದ ತಿಂಗಳು ಒಬ್ಬ ಹುಡುಗ ಆರ್‌ಎಕ್ಸ್‌ನ ಹೆಡ್ಡು ತಂದಿದ್ದ. ಪಕ್ಕದಲ್ಲಿ ಎರಡು ಅಂಕಿಗಳು ಆಗಲೇ ಇದ್ದವು, ಎರಡೂ ಇವರ ಕೈಯವೇ, ಎಂಟು ವರ್ಷಗಳ ಅಂತರದಲ್ಲಿ ಇಬ್ಬರು ಬೇರೆ ಬೇರೆ ಮಾಲೀಕರಿಗೆ ಮಾಡಿಕೊಟ್ಟದ್ದು. ಉಸ್ತಾದರು ಹೆಬ್ಬೆರಳಿನಿಂದ ಅಂಚು ಸವರಿ ನೋಡಿದರು, ಕ್ಯಾಲಿಪರ್ ಹಿಡಿದರು, ಹೆಡ್ಡನ್ನು ಒರೆಸಿ ಮರಳಿ ಅವನ ಕೈಗೆ ಕೊಟ್ಟರು. “ಇದರಾಗ ಇನ್ನ ತಗಿಯಾಕ ಏನೂ ಇಲ್ಲ, ತಮ್ಮಾ.” ಹುಡುಗ ಸ್ವಲ್ಪ ಹೊತ್ತು ನಿಂತ. ಆಮೇಲೆ ಹೆಡ್ಡನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಎದುರು ಸಾಲಿನ ಇನ್ನೊಂದು ಅಂಗಡಿಯ ಕಡೆ ನಡೆದ.